ಸದ್ದು ಬರುತ್ತೆ, ಮಾತು ಬರಲ್ಲ: 15 ಸಾವಿರದಲ್ಲಿ ಮನೆಗೊಂದು ಒಳ್ಳೆ ಸೌಂಡ್ ಸಿಸ್ಟಮ್

"ಮನೆಗೊಂದು ಒಳ್ಳೆ ಸೌಂಡ್ ಸಿಸ್ಟಮ್ ತಗೋಬೇಕು, ಎಷ್ಟಾಗುತ್ತೆ?" ಆಫೀಸಿನ ಕ್ಯಾಂಟೀನಿನಲ್ಲಿ ಈ ಪ್ರಶ್ನೆ ಹಾಕಿ ನೋಡಿ. ಎರಡು ಬಗೆಯ ಉತ್ತರ ಬರುತ್ತೆ. "ಲಕ್ಷ ರೂಪಾಯಿ ಇಲ್ದೆ ಆ ಕಡೆ ತಲೆ ಹಾಕ್ಬೇಡ ಗುರೂ" ಅನ್ನೋದು ಒಂದು. "ಸೇಲ್‌ನಲ್ಲಿ 5 ಸಾವಿರಕ್ಕೇ 2000 ವ್ಯಾಟ್‌ನ ಹೋಮ್ ಥಿಯೇಟರ್ ಸಿಗುತ್ತಲ್ಲ" ಅನ್ನೋದು ಇನ್ನೊಂದು. ಎರಡನ್ನೂ ನಂಬಬೇಡಿ. ಬಾಡಿಗೆ, ಇಎಂಐ, ಮಗುವಿನ ಪ್ಲೇಸ್ಕೂಲ್ ಫೀಸು ಎಲ್ಲ ಕಳೆದು ಕೈಯಲ್ಲಿ ಉಳಿಯೋದು ಎಷ್ಟು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಅಷ್ಟರಲ್ಲೇ, 15 ಸಾವಿರ ದಾಟದೆ, ಕಿವಿಗೂ ಮನಸ್ಸಿಗೂ ಹಿತವಾಗುವ ವ್ಯವಸ್ಥೆ ಮಾಡಿಕೊಳ್ಳಬಹುದು. ಆದರೆ ಯಾವ ಕ್ರಮದಲ್ಲಿ ಖರ್ಚು ಮಾಡ್ತೀವಿ ಅನ್ನೋದು ಮುಖ್ಯ. ಈ ವಾರದ ಅಂಕಣ ಆ ಕ್ರಮದ ಬಗ್ಗೆ.

ಮೊದಲೇ ಹೇಳಿಬಿಡ್ತೀನಿ, ನನಗೆ ಈ ಲೆಕ್ಕಾಚಾರ ಶುರುವಾಗಿದ್ದು ಹಾಡಿನ ಹುಚ್ಚಿನಿಂದ ಅಲ್ಲ, ಅಪ್ಪನಿಂದ.

ಅಪ್ಪನ ದೂರು

ಅಪ್ಪ ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ, ಮಗ್ಗದ ವಿಭಾಗದಲ್ಲಿ, 17 ವರ್ಷ ದುಡಿದವರು. ಗಿರಣಿ ಮುಚ್ಚಿದ ಮೇಲೆ ಕಿರಾಣಿ ಅಂಗಡಿ ಇಟ್ಟುಕೊಂಡು ನನ್ನನ್ನು ಇಂಜಿನಿಯರಿಂಗ್ ಓದಿಸಿದರು. ಕಳೆದ ವರ್ಷ ಅಂಗಡಿ ಮುಚ್ಚಿ ಅಮ್ಮನ ಜೊತೆ ಬೆಂಗಳೂರಿನ ನಮ್ಮ ಬಾಡಿಗೆ ಮನೆಗೆ ಬಂದರು. ಸಂಜೆ ವಾರ್ತೆ, ಆಮೇಲೆ ಒಂದು ಹಳೇ ಸಿನಿಮಾ, ಅಷ್ಟೇ ಅವರ ಬೇಡಿಕೆ. ಆದರೆ ಟಿವಿ ವಾಲ್ಯೂಮ್ ದಿನದಿಂದ ದಿನಕ್ಕೆ ಏರುತ್ತಾ ಹೋಯಿತು.

ಒಂದು ದಿನ ಪಕ್ಕದ ಮನೆಯವರು ಬಾಗಿಲು ತಟ್ಟಿ, "ಬೇಜಾರ್ ಮಾಡ್ಕೋಬೇಡಿ, ಮಗಳಿಗೆ ಪಿಯುಸಿ ಪರೀಕ್ಷೆ ಇದೆ, ಸ್ವಲ್ಪ ಕಮ್ಮಿ ಮಾಡ್ತೀರಾ?" ಅಂತ ನಯವಾಗಿಯೇ ಕೇಳಿದರು. ಅಪ್ಪ ಏನೂ ಮಾತಾಡಲಿಲ್ಲ. ಮರುದಿನದಿಂದ ಟಿವಿ ಹಾಕೋದನ್ನೇ ಬಿಟ್ಟರು. ಸಂಜೆಯಾದರೆ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ರಸ್ತೆ ನೋಡುತ್ತಾ ಕೂರೋರು. ಯಾಕೆ ಅಂತ ಕೇಳಿದ್ದಕ್ಕೆ ಅವರು ಹೇಳಿದ ಮಾತು ಇದು: "ಸದ್ದು ಬರ್ತೈತಪ್ಪ, ಮಾತೇ ಬರಂಗಿಲ್ಲ. ಸುಮ್ನೆ ಯಾಕೆ ಊರಿಗೆಲ್ಲ ಕೇಳ್ಸೋದು?"

ಭಾವ ಬಂದವರು, "ದೊಡ್ಡ ಸೌಂಡ್‌ಬಾರ್ ಹಾಕ್ಸಿಬಿಡು, ಸರಿಹೋಗುತ್ತೆ" ಅಂದರು. ಅಮ್ಮ, "ವಯಸ್ಸಾಯ್ತು, ಅದಕ್ಕೆಲ್ಲ ಯಾಕೋ ದುಡ್ಡು" ಅಂದಳು. ಆದರೆ ಅಪ್ಪ ಹೇಳಿದ ಆ ಒಂದು ವಾಕ್ಯದಲ್ಲಿ ಇಡೀ ಸಮಸ್ಯೆಯ ವಿವರಣೆ ಇತ್ತು. ಸದ್ದು ಬೇರೆ, ಮಾತು ಬೇರೆ. ಒಳ್ಳೆ ಸಿಸ್ಟಮ್ ಅಂದರೆ ಜೋರಾದ ಸಿಸ್ಟಮ್ ಅಲ್ಲ, ಸ್ಪಷ್ಟವಾದ ಸಿಸ್ಟಮ್. ಅಪ್ಪನಿಗೆ ಮಾತು ತಿಳಿಯುವಂತೆ ಮಾಡಿದ ವ್ಯವಸ್ಥೆಯೇ ನಮಗೆ ಹಾಡನ್ನೂ ಚೆನ್ನಾಗಿ ಕೇಳಿಸುತ್ತೆ.

ಕಾಲು, ಪಾಲು, ಸಾಲು, ಹಾಲು

ಈ ನಾಲ್ಕು ಪದ ಜೋರಾಗಿ ಹೇಳಿ ನೋಡಿ. ನಾಲ್ಕರಲ್ಲೂ ವ್ಯತ್ಯಾಸ ಇರೋದು ಮೊದಲ ವ್ಯಂಜನದಲ್ಲಿ ಮಾತ್ರ. ಉಳಿದದ್ದೆಲ್ಲ ಒಂದೇ.

ಮಾತಿನ ಗಟ್ಟಿ ಭಾಗ, ಅಂದರೆ ಆ, ಊ, ಓ ಥರದ ಸ್ವರಗಳು, ಕಡಿಮೆ ಕಂಪನಾಂಕದಲ್ಲಿ ಇರುತ್ತವೆ. ಅವುಗಳಲ್ಲಿ ಶಕ್ತಿಯೂ ಹೆಚ್ಚು. ಸ, ಶ, ತ, ಕ ಥರದ ವ್ಯಂಜನಗಳ ಗುರುತು ಇರೋದು ಹೆಚ್ಚಾಗಿ 2,000 ಹರ್ಟ್ಸ್‌ನಿಂದ 8,000 ಹರ್ಟ್ಸ್ ನಡುವೆ. ಅವು ಮೊದಲೇ ದುರ್ಬಲ, ಕ್ಷಣಮಾತ್ರದವು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳೋದೂ ಈ ಮೇಲಿನ ಕಂಪನಾಂಕಗಳನ್ನೇ. ವರ್ಷಗಟ್ಟಲೆ ಯಂತ್ರದ ಸದ್ದಿನಲ್ಲಿ ದುಡಿದವರಿಗೆ 4,000 ಹರ್ಟ್ಸ್ ಆಸುಪಾಸಿನಲ್ಲಿ ಪೆಟ್ಟು ಬಿದ್ದಿರುತ್ತೆ. ಹಾಗಾಗಿ ಅಪ್ಪನಿಗೆ ಸ್ವರ ಕೇಳಿಸುತ್ತೆ, ವ್ಯಂಜನ ಕೇಳಿಸಲ್ಲ. ಯಾರೋ ಮಾತಾಡ್ತಿದ್ದಾರೆ ಅಂತ ಗೊತ್ತಾಗುತ್ತೆ, ಏನು ಅಂತ ಗೊತ್ತಾಗಲ್ಲ.

ಇದಕ್ಕೆ ಟಿವಿಯ ಕಾಣಿಕೆ ಬೇರೆ. ತೆಳ್ಳಗಿನ ಟಿವಿಯಲ್ಲಿ ಸ್ಪೀಕರ್‌ಗೆ ಜಾಗವೇ ಇಲ್ಲ. ಬಹಳಷ್ಟು ಟಿವಿಗಳಲ್ಲಿ ಅದು ಕೆಳಕ್ಕೋ ಹಿಂದಕ್ಕೋ ಮುಖ ಮಾಡಿರುತ್ತೆ. ಕಡಿಮೆ ಕಂಪನಾಂಕದ ಸದ್ದು ಎಲ್ಲ ದಿಕ್ಕಿಗೂ ಹರಡುತ್ತೆ. ಮೇಲಿನ ಕಂಪನಾಂಕ ಹೆಚ್ಚುಕಡಿಮೆ ಟಾರ್ಚ್ ಬೆಳಕಿನ ಹಾಗೆ, ಮುಖ ಮಾಡಿದ ಕಡೆಗೆ ಹೋಗುತ್ತೆ. ಅಂದರೆ ಅಪ್ಪನಿಗೆ ಬೇಕಾದ ವ್ಯಂಜನಗಳು ಟಿವಿ ಸ್ಟ್ಯಾಂಡಿಗೂ ಗೋಡೆಗೂ ಹೋಗಿ ಬಡೀತಿದ್ದವು.

ಮೊದಲ ಹೆಜ್ಜೆ: ಸೊನ್ನೆ ರೂಪಾಯಿ

ಯಾವುದೇ ಬಾಕ್ಸ್ ಆರ್ಡರ್ ಮಾಡುವ ಮುಂಚೆ ನಿಮ್ಮ ಹಾಲ್ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ಚಪ್ಪಾಳೆ ನಿಂತ ಮೇಲೂ 'ಝಿಂಗ್' ಅಂತ ಒಂದು ಬಾಲ ಉಳಿದರೆ ನಿಮ್ಮ ಮೊದಲ ಶತ್ರು ಸ್ಪೀಕರ್ ಅಲ್ಲ, ಹಾಲ್.

ಈಗಿನ ಅಪಾರ್ಟ್‌ಮೆಂಟುಗಳಲ್ಲಿ ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಗೋಡೆಗೆ ನುಣುಪು ಪುಟ್ಟಿ, ಒಂದು ಕಡೆ ಪೂರ್ತಿ ಗಾಜಿನ ಬಾಗಿಲು. ಸದ್ದು ಹೀರಿಕೊಳ್ಳುವಂಥದ್ದು ಏನೂ ಇಲ್ಲ. ಒಂದು ಅಕ್ಷರದ ಸ್ವರ ಗೋಡೆಯಿಂದ ಗೋಡೆಗೆ ಪುಟಿಯುತ್ತಾ ಇರುವಾಗಲೇ ಮುಂದಿನ ಅಕ್ಷರದ ವ್ಯಂಜನ ಬರುತ್ತೆ, ಅದರಡಿ ಮುಚ್ಚಿಹೋಗುತ್ತೆ. ವಾಲ್ಯೂಮ್ ಏರಿಸಿದರೆ ಪುಟಿಯುವ ಸದ್ದೂ ಅಷ್ಟೇ ಏರುತ್ತೆ. ಅದಕ್ಕೇ ಜೋರು ಮಾಡಿದಷ್ಟೂ ಗದ್ದಲ ಹೆಚ್ಚುತ್ತೆ ಹೊರತು ಮಾತು ತಿಳಿಯಲ್ಲ.

ನಾವು ಮಾಡಿದ್ದು ಇಷ್ಟು. ಸೋಫಾ ಹಿಂಗೋಡೆಗೆ ಅಂಟಿಕೊಂಡಿತ್ತು, ಅದನ್ನು ಒಂದೂವರೆ ಅಡಿ ಮುಂದೆ ಎಳೆದೆವು. ಗೋಡೆಗೆ ತಾಗಿ ಕೂತರೆ ಅಲ್ಲಿ ಬಾಸ್ ಗುಂಯ್‌ಗುಟ್ಟುತ್ತೆ. ಬಾಸ್ ಹೆಚ್ಚಾದರೆ ಅದು ಮೇಲಿನ ಕಂಪನಾಂಕಗಳನ್ನು ಮುಚ್ಚುತ್ತೆ. ಊರಿಂದ ತಂದು ಅಟ್ಟದಲ್ಲಿಟ್ಟಿದ್ದ ಹಳೇ ಜಮಖಾನ ಸೋಫಾ ಮತ್ತು ಟಿವಿ ನಡುವಿನ ನೆಲಕ್ಕೆ ಬಂತು. ಇದು ನವಲಗುಂದದ ಜಮಖಾನ, ಅಜ್ಜಿ ಕಾಲದ್ದು. ಪುಸ್ತಕದ ಕಪಾಟು ಮಲಗುವ ಕೋಣೆಯಿಂದ ಹಾಲ್‌ನ ಪಕ್ಕದ ಗೋಡೆಗೆ ಬಂತು. ಪುಸ್ತಕಗಳು ಏರುತಗ್ಗಾಗಿ ಇದ್ದರೆ ಒಳ್ಳೆಯದೇ, ಸದ್ದು ಒಂದೇ ಕಡೆ ಪುಟಿಯದೆ ಚದುರುತ್ತೆ.

ಪರದೆಗೆ ಮಾತ್ರ ಸ್ವಲ್ಪ ದುಡ್ಡು ಹಾಕಿದೆವು. ಬಟ್ಟೆ ದಪ್ಪ ಇರಬೇಕು, ನೆರಿಗೆ ಧಾರಾಳವಾಗಿರಬೇಕು, ಗಾಜಿನಿಂದ ನಾಲ್ಕು ಬೆರಳು ದೂರ ತೂಗಬೇಕು. ಇದರ ಹಿಂದೆ ಲೆಕ್ಕ ಇದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. 1,000 ಹರ್ಟ್ಸ್ ಅಲೆಯ ಉದ್ದ 34 ಸೆಂಟಿಮೀಟರ್, 100 ಹರ್ಟ್ಸ್ ಅಲೆಯದು 3.4 ಮೀಟರ್. ಅಲೆಯ ಉದ್ದದ ಕಾಲು ಭಾಗದಷ್ಟು ದಪ್ಪವೋ ಅಂತರವೋ ಇದ್ದರೆ ಬಟ್ಟೆ ಅದನ್ನು ಚೆನ್ನಾಗಿ ಹೀರುತ್ತೆ. ಹಾಗಾಗಿ ಪರದೆ ಮಾತಿನ ಪ್ರತಿಧ್ವನಿ ತಡೆಯುತ್ತೆ, ಬಾಸ್ ತಡೆಯಲ್ಲ. ಆನ್‌ಲೈನ್‌ನಲ್ಲಿ ಮಾರುವ ಒಂದಿಂಚಿನ ಫೋಮ್ ಚೌಕಗಳೂ ಅಷ್ಟೇ. ಗೋಡೆ ಪೂರ್ತಿ ಅಂಟಿಸಿದರೂ ಬಾಸ್ ಗುಂಯ್‌ಗುಡೋದು ನಿಲ್ಲಲ್ಲ.

ಎರಡೇ ಸ್ಪೀಕರ್, ಆದರೆ ಒಳ್ಳೆಯವು

ಉಳಿದ ದುಡ್ಡಿನ ದೊಡ್ಡ ಪಾಲು ಸ್ಪೀಕರ್‌ಗೆ ಹೋಗಬೇಕು. ಇಲ್ಲಿ 5.1 ಅನ್ನೋ ಆಸೆ ಬಿಡಿ. 15 ಸಾವಿರವನ್ನು ಆರು ಡಬ್ಬಿಗೆ ಹಂಚಿದರೆ ಒಂದೊಂದಕ್ಕೂ ಬರೋದು ಪುಡಿಗಾಸು. ಅದೇ ದುಡ್ಡು ಎರಡಕ್ಕೇ ಹಾಕಿದರೆ ಕೇಳುವಂಥದ್ದು ಸಿಗುತ್ತೆ. ಎರಡು ಸ್ಪೀಕರ್ ಸರಿಯಾಗಿ ಇಟ್ಟರೆ ನಡುವೆ ಇಲ್ಲದ ಮೂರನೆಯದೊಂದು ಇದ್ದಂತೆ ಕೇಳಿಸುತ್ತೆ, ಮಾತು ಪರದೆಯ ಮಧ್ಯದಿಂದಲೇ ಬಂದಂತೆ. ಇಎಂಐ ಅಂದ ತಕ್ಷಣ ನಮಗೆ ಬ್ಯಾಂಕ್ ನೆನಪಾಗುತ್ತೆ. ಆದರೆ ಅದೇ ಹೆಸರಿನ ಬ್ರಿಟಿಷ್ ಸಂಗೀತ ಕಂಪನಿಯ ಇಂಜಿನಿಯರ್ ಅಲನ್ ಬ್ಲಮ್ಲೀನ್ 1931ರಲ್ಲೇ ಈ ಸ್ಟೀರಿಯೋ ತಂತ್ರಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದ. ಹೆಚ್ಚುಕಡಿಮೆ ನೂರು ವರ್ಷದ ಹಿಂದಿನ ಉಪಾಯ, ಇವತ್ತಿಗೂ ಅದಕ್ಕಿಂತ ಅಗ್ಗದ್ದು ಇಲ್ಲ.

ಹೊಸದೇ ಬೇಕು ಅಂತಿಲ್ಲ. ಸ್ಪೀಕರ್ ಅನ್ನೋದು ಫೋನ್ ಥರ ಎರಡು ವರ್ಷಕ್ಕೆ ಹಳತಾಗುವ ವಸ್ತುವಲ್ಲ. ಮನೆ ಬದಲಿಸುವವರು, ವಿದೇಶಕ್ಕೆ ಹೊರಟವರು ಒಳ್ಳೊಳ್ಳೆ ಬುಕ್‌ಶೆಲ್ಫ್ ಜೋಡಿಗಳನ್ನು ಅರ್ಧಕ್ಕಿಂತ ಕಮ್ಮಿಗೆ ಮಾರುತ್ತಾರೆ. ಐದೂಕಾಲು ಇಂಚಿನ ವೂಫರ್, ಮೇಲೊಂದು ಬಟ್ಟೆಯ ಗುಮ್ಮಟದ ಟ್ವೀಟರ್ ಇರುವ ಒಂದು ಜೋಡಿ ನಮಗೆ 6,500ಕ್ಕೆ ಸಿಕ್ಕಿತು. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಇಷ್ಟು ನೋಡಿ:

ಒಂದು, ವೂಫರ್ ಸುತ್ತಲಿನ ಅಂಚು. ಫೋಮ್ ಅಂಚಾದರೆ ವರ್ಷಗಳು ಕಳೆದಂತೆ ಪುಡಿಪುಡಿಯಾಗುತ್ತೆ, ರಬ್ಬರ್ ಆದರೆ ಬಹುಕಾಲ ಬಾಳುತ್ತೆ. ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿ.

ಎರಡು, ಎರಡೂ ಕೈ ಬೆರಳು ಇಟ್ಟು ಕೋನ್ ಅನ್ನು ಸಮನಾಗಿ ಒಂದು ಚೂರು ಒಳಗೆ ಒತ್ತಿ. ಒಳಗೆ ಕರಕರ ಅಂತ ಉಜ್ಜಿದ ಸದ್ದು ಬಂದರೆ ಬೇಡ. ಟ್ವೀಟರ್ ಗುಮ್ಮಟವನ್ನು ಮಾತ್ರ ಮುಟ್ಟಬೇಡಿ.

ಮೂರು, ಮಲ್ಟಿಮೀಟರ್ ಇದ್ದರೆ ಟರ್ಮಿನಲ್‌ಗಳಿಗೆ ಹಿಡಿಯಿರಿ. 8 ಓಮ್ ಸ್ಪೀಕರ್ ಸಾಮಾನ್ಯವಾಗಿ 6 ಓಮ್ ಆಸುಪಾಸು ತೋರಿಸುತ್ತೆ. ಎರಡೂ ಸ್ಪೀಕರ್‌ಗಳ ಅಂಕಿ ಹತ್ತಿರ ಹತ್ತಿರ ಇರಬೇಕು.

ನಾಲ್ಕು, ನಿಮಗೆ ಚೆನ್ನಾಗಿ ಗೊತ್ತಿರುವ ಮನುಷ್ಯ ಧ್ವನಿಯನ್ನೇ ಕೇಳಿ. ಬರೀ ಬೀಟ್ ಇರುವ ಹಾಡು ಹಾಕಿ ಯಾರಾದರೂ ಮರುಳು ಮಾಡಬಹುದು. ಪರಿಚಿತ ಧ್ವನಿ ಮೂಗಿನಿಂದ ಬಂದಂತೆ ಕೇಳಿಸಿದರೆ ಕಿವಿಗೆ ತಕ್ಷಣ ಗೊತ್ತಾಗುತ್ತೆ. ಎರಡು ಜೋಡಿ ಹೋಲಿಸುವಾಗ ವಾಲ್ಯೂಮ್ ಒಂದೇ ಇರಲಿ. ಸ್ವಲ್ಪ ಜೋರಾಗಿರೋದೇ ಉತ್ತಮ ಅಂತ ನಮ್ಮ ಕಿವಿ ತೀರ್ಮಾನ ಮಾಡಿಬಿಡುತ್ತೆ. ಅಂಗಡಿಯವರಿಗೆ ಇದು ಚೆನ್ನಾಗಿ ಗೊತ್ತು.

ಇನ್ನು ಇಡುವ ಜಾಗ. ಎರಡು ಸ್ಪೀಕರ್, ಮೂರನೆಯದು ನಿಮ್ಮ ತಲೆ. ಇವು ಮೂರೂ ಸೇರಿ ಸಮಬಾಹು ತ್ರಿಕೋನ ಆಗಬೇಕು. ಟ್ವೀಟರ್ ಕೂತವರ ಕಿವಿಯ ಎತ್ತರಕ್ಕೆ ಬರಬೇಕು, ಮುಖ ಕೂತವರ ಕಡೆಗೆ ತಿರುಗಿರಬೇಕು. ಮೂಲೆಗೆ ಒತ್ತಬೇಡಿ. ಜಾಗ ಇಲ್ಲದೆ ಗೋಡೆಗೆ ಹತ್ತಿರವೇ ಇಡಬೇಕಾಗಿ ಬಂದು ಬಾಸ್ ಗುಂಯ್‌ಗುಟ್ಟಿದರೆ, ಸ್ಪೀಕರ್ ಹಿಂದಿನ ತೂತಿಗೆ ಒಂದು ಕಾಲುಚೀಲ ತುರುಕಿ. ತಮಾಷೆ ಅಲ್ಲ, ನಿಜಕ್ಕೂ ಬಾಸ್ ಇಳಿಯುತ್ತೆ. ಸ್ಟ್ಯಾಂಡ್‌ಗೆ ನಮ್ಮ ಏರಿಯಾದ ಬಡಗಿ 1,200 ತಗೊಂಡು ಎರಡು ಗಟ್ಟಿ ಸ್ಟೂಲ್ ಮಾಡಿಕೊಟ್ಟ.

2000 ವ್ಯಾಟ್ ಅನ್ನೋ ಕಥೆ

ಬಾಕ್ಸ್ ಮೇಲೆ 2000 ವ್ಯಾಟ್ ಪಿಎಂಪಿಒ ಅಂತ ಬರೆದಿದ್ದರೆ ಅದನ್ನು ಅಲಂಕಾರ ಅಂತಲೇ ತಿಳಿಯಿರಿ. ನಿಜ ತಿಳಿಯೋಕೆ ಇಂಜಿನಿಯರಿಂಗ್ ಡಿಗ್ರಿ ಬೇಕಿಲ್ಲ, ಅದರ ಅಡಾಪ್ಟರ್ ಓದಿದರೆ ಸಾಕು. 12 ವೋಲ್ಟ್, 2 ಆಂಪಿಯರ್ ಅಂತಿದ್ದರೆ ಗುಣಿಸಿ: 24 ವ್ಯಾಟ್. ಒಳಗೆ ಹೋಗೋದೇ 24 ಆದರೆ ಹೊರಗೆ ನಿರಂತರವಾಗಿ ಅದಕ್ಕಿಂತ ಹೆಚ್ಚು ಬರೋದು ಹೇಗೆ? ಬಾವಿಯಲ್ಲಿ ಇದ್ದರೆ ತಾನೇ ಬಿಂದಿಗೆಗೆ ಬರೋದು.

ಅಸಲಿಗೆ ಎಷ್ಟು ವ್ಯಾಟ್ ಬೇಕು? ಸ್ಪೀಕರ್‌ನ ವಿವರದಲ್ಲಿ ಸೆನ್ಸಿಟಿವಿಟಿ 86 ಡೆಸಿಬಲ್ ಅಂತಿದೆ ಅಂದ್ಕೊಳ್ಳಿ. ಅಂದರೆ ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 86 ಡೆಸಿಬಲ್. ಎರಡೂವರೆ ಮೀಟರ್ ದೂರ ಕೂತರೆ ಸುಮಾರು 8 ಡೆಸಿಬಲ್ ಇಳಿಯುತ್ತೆ. ಎರಡು ಸ್ಪೀಕರ್ ಇರೋದರಿಂದ 3 ಸೇರುತ್ತೆ. ಕೊನೆಗೆ ಸೋಫಾದಲ್ಲಿ ಸುಮಾರು 80 ಡೆಸಿಬಲ್, ಸ್ಪೀಕರ್‌ಗೆ ಬರೀ ಒಂದೊಂದು ವ್ಯಾಟ್‌ನಲ್ಲಿ! ಮನೆಯಲ್ಲಿ ಎದುರುಬದುರು ಕೂತು ಮಾತಾಡೋದು 60 ಡೆಸಿಬಲ್ ಆಸುಪಾಸು. ವ್ಯಾಟ್ ದುಪ್ಪಟ್ಟಾದರೆ ಸದ್ದು ದುಪ್ಪಟ್ಟಾಗಲ್ಲ, 3 ಡೆಸಿಬಲ್ ಮಾತ್ರ ಏರುತ್ತೆ. ಕಿವಿಗೆ ದುಪ್ಪಟ್ಟು ಅನ್ನಿಸೋಕೆ ಸುಮಾರು 10 ಡೆಸಿಬಲ್ ಬೇಕು, ಅಂದರೆ ಹತ್ತುಪಟ್ಟು ವ್ಯಾಟ್. ಹಾಗಾಗಿ ನಮ್ಮಂಥ ಹಾಲ್‌ಗೆ ನಿಜವಾದ 20 ವ್ಯಾಟ್ ಇದ್ದರೆ ಧಾರಾಳವಾಯಿತು.

ಅದಕ್ಕೆ ಈಗ ಅಂಗೈಯಗಲದ ಕ್ಲಾಸ್ ಡಿ ಆಂಪ್ಲಿಫೈಯರ್‌ಗಳು ಇವೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಪಿಎ3116 ಅನ್ನೋ ಚಿಪ್ ಇಂಥ ಎಷ್ಟೋ ಡಬ್ಬಿಗಳ ಒಳಗಿದೆ. ಈ ಬಗೆಯ ಆಂಪ್ ವಿದ್ಯುತ್ತನ್ನು ಬಿಸಿಯಾಗಿ ಹಾಳು ಮಾಡೋದು ಕಮ್ಮಿ, ಅದಕ್ಕೇ ಸಣ್ಣ ಡಬ್ಬಿ, ಸಣ್ಣ ಬೆಲೆ. ಇದರಲ್ಲೂ 50 ವ್ಯಾಟ್ ಅಂತ ಬರೆದಿರುವ ಅಂಕಿ ಶೇ 10ರಷ್ಟು ವಿರೂಪ ಒಪ್ಪಿಕೊಂಡಾಗಿನದು. ಸ್ವಚ್ಛವಾಗಿ ಬರೋದು ಅದಕ್ಕಿಂತ ಕಮ್ಮಿ. ಕಮ್ಮಿಯೇ ನಮಗೆ ಸಾಕು ಅನ್ನೋದು ಮೇಲಿನ ಲೆಕ್ಕ. ಬಾಸ್, ಟ್ರೆಬಲ್ ತಿರುಗುಗುಂಡಿ, ಬ್ಲೂಟೂತ್, 24 ವೋಲ್ಟ್ ಅಡಾಪ್ಟರ್ ಎಲ್ಲ ಸೇರಿ 4,200 ಆಯಿತು.

ಟಿವಿಗೆ ಜೋಡಿಸೋದು

ಇಲ್ಲಿ ಬ್ಲೂಟೂತ್ ಬೇಡ. ಹಾಡಿಗೆ ಪರವಾಗಿಲ್ಲ, ಟಿವಿಗೆ ಬೇಡ. ಬ್ಲೂಟೂತ್‌ನಲ್ಲಿ ಸದ್ದು ಸ್ವಲ್ಪ ತಡವಾಗಿ ಬರುತ್ತೆ. ಕಿವಿ ಮಂದ ಆದವರು ಗೊತ್ತಿಲ್ಲದೆಯೇ ಮಾತಾಡುವವರ ತುಟಿ ಓದ್ತಿರ್ತಾರೆ. ತುಟಿ ಒಂದು ಹೇಳಿ ಸದ್ದು ಇನ್ನೊಂದು ಹೇಳಿದರೆ ಇದ್ದ ಆಸರೆಯೂ ಹೋಯಿತು.

ಟಿವಿ ಹಿಂದೆ ಆಪ್ಟಿಕಲ್ ಔಟ್ ಇದ್ದರೆ ಒಂದು ಚಿಕ್ಕ ಡಿಜಿಟಲ್-ಅನಲಾಗ್ ಕನ್ವರ್ಟರ್ ಹಾಕಿ. ನಮ್ಮದಕ್ಕೆ 1,100 ಆಯಿತು. ಟಿವಿಯ ಸೆಟಿಂಗ್ಸ್‌ನಲ್ಲಿ ಡಿಜಿಟಲ್ ಔಟ್‌ಪುಟ್ ಅನ್ನು ಪಿಸಿಎಂ ಅಂತ ಇಡಿ. ಇಲ್ಲದಿದ್ದರೆ ಟಿವಿ ಡಾಲ್ಬಿ ರೂಪದಲ್ಲಿ ಕಳಿಸಬಹುದು, ಅಗ್ಗದ ಕನ್ವರ್ಟರ್‌ಗೆ ಅದು ಅರ್ಥವಾಗಲ್ಲ, ಸದ್ದೇ ಬರಲ್ಲ. ಹೆಡ್‌ಫೋನ್ ಔಟ್ ಇರುವ ಟಿವಿಯಾದರೆ ಕನ್ವರ್ಟರ್ ಕೂಡ ಬೇಡ, ಒಂದು ತಂತಿ ಸಾಕು.

'ಹೈ ರೆಸಲ್ಯೂಷನ್' ಅನ್ನೋ ಹೆಸರಿನಲ್ಲಿ ದುಡ್ಡು ಕಳೆಯಬೇಡಿ. 1982ರಲ್ಲಿ ಸಿಡಿ ಬಂದಾಗಲೇ ಸೆಕೆಂಡಿಗೆ 44,100 ಸ್ಯಾಂಪಲ್, 16 ಬಿಟ್ ಅಂತ ನಿಗದಿಯಾಯಿತು. ಅದರಿಂದ 22,050 ಹರ್ಟ್ಸ್‌ವರೆಗೆ ಹಿಡಿಯಬಹುದು. ಎಳೆಯ ಕಿವಿಯ ಮಿತಿಯೇ 20,000. ಮೂವತ್ತು ದಾಟಿದ ನಮಗೆ ಅದೂ ಇಲ್ಲ.

ಸ್ಪೀಕರ್ ವೈರ್ ವಿಷಯದಲ್ಲಂತೂ ಯಾರ ಮಾತಿಗೂ ಮರುಳಾಗಬೇಡಿ. ಎಸ್.ಪಿ. ರೋಡ್‌ಗೋ ನಿಮ್ಮ ಬೀದಿಯ ಎಲೆಕ್ಟ್ರಿಕಲ್ ಅಂಗಡಿಗೋ ಹೋಗಿ 1.5 ಚದರ ಮಿಲಿಮೀಟರಿನ ಎರಡೆಳೆ ತಾಮ್ರದ ವೈರ್ ಕೇಳಿ. 4 ಮೀಟರ್ ವೈರ್‌ನಲ್ಲಿ ಹೋಗಿ ಬರುವ ದಾರಿ ಎರಡೂ ಸೇರಿದರೆ ರೋಧ ಸುಮಾರು 0.1 ಓಮ್. 8 ಓಮ್ ಸ್ಪೀಕರ್ ಎದುರು ಅದು ಲೆಕ್ಕಕ್ಕೇ ಇಲ್ಲ. ನಮಗೆ 450ರಲ್ಲಿ ಎರಡಕ್ಕೂ ಮುಗಿಯಿತು. ಒಂದೇ ಎಚ್ಚರ: ಪ್ಲಸ್ ಪ್ಲಸ್‌ಗೆ, ಮೈನಸ್ ಮೈನಸ್‌ಗೆ. ಒಂದು ಸ್ಪೀಕರ್‌ನಲ್ಲಿ ತಿರುಗಾಮುರುಗಾ ಆದರೆ ಬಾಸ್ ಮಾಯವಾಗುತ್ತೆ, ಮಾತು ನಡುವಿನಿಂದ ಬರದೆ ತಲೆಯ ಸುತ್ತ ಅಲೆಯುತ್ತೆ. ವಾರ್ತೆ ಓದುವವರ ಧ್ವನಿ ನೇರ ಪರದೆಯ ಮಧ್ಯದಿಂದ ಬಂದರೆ ಜೋಡಣೆ ಸರಿ ಇದೆ.

ಬಿಲ್

ಹಳೇ ಬುಕ್‌ಶೆಲ್ಫ್ ಜೋಡಿ: 6,500
ಆಂಪ್ಲಿಫೈಯರ್, ಅಡಾಪ್ಟರ್ ಸಹಿತ: 4,200
ಕನ್ವರ್ಟರ್: 1,100
ವೈರ್: 450
ಸ್ಟೂಲ್ ಎರಡು: 1,200
ದಪ್ಪ ಪರದೆ: 1,100
ಒಟ್ಟು: 14,550 ರೂಪಾಯಿ

ಬಾಡಿಗೆ ಮನೆಯಲ್ಲಿ ವೈರ್ ಎಳೆಯೋಕೆ ಆಗಲ್ಲ, ಸ್ಪೀಕರ್ ಇಡೋಕೆ ಜಾಗವೇ ಇಲ್ಲ ಅನ್ನೋರಿಗೆ ಸೌಂಡ್‌ಬಾರ್ ತಪ್ಪೇನಲ್ಲ. ಮಧ್ಯದಲ್ಲಿ ಮಾತಿಗೇ ಮೀಸಲಾದ ಸ್ಪೀಕರ್ ಇರುವಂಥದ್ದು ಹುಡುಕಿ. ಆದರೆ ಅದಕ್ಕೂ ಮುಂಚೆ ಚಪ್ಪಾಳೆ, ಜಮಖಾನ, ಪರದೆ ಮುಗಿದಿರಲಿ.

ಕೇಳಿಸಿದ್ದು

ಎಲ್ಲ ಜೋಡಿಸಿದ ಮೇಲೆ ಬಾಸ್ ಗುಂಡಿಯನ್ನು ಸ್ವಲ್ಪ ಹಿಂದಕ್ಕೆ, ಟ್ರೆಬಲ್ ಸ್ವಲ್ಪ ಮುಂದಕ್ಕೆ ತಿರುಗಿಸಿದೆ. ಅಪ್ಪನನ್ನು ಬಾಲ್ಕನಿಯಿಂದ ಕರೆದು ಕೂರಿಸಿ ವಾರ್ತೆ ಹಾಕಿದೆ. ಏನೂ ಹೇಳದೆ ಪೂರ್ತಿ ನೋಡಿದರು. ಆಮೇಲೆ ಪಿ.ಬಿ. ಶ್ರೀನಿವಾಸ್ ಅವರ ಹಳೆಯ ಹಾಡುಗಳು. ಮೂರನೆಯ ಹಾಡಿನ ನಡುವೆ ಅಮ್ಮನ ಕಡೆ ತಿರುಗಿ, "ಈ ಸಾಲು ಇಷ್ಟ್ ದಿನ ಬೇರೇನೋ ಅಂದ್ಕಂಡಿದ್ದೆ ನೋಡು" ಅಂದರು. ಸೋಫಾದ ಮೇಲೆ ಫೋನ್ ಇಟ್ಟು ಆ್ಯಪ್‌ನಲ್ಲಿ ಅಳೆದೆ. ಫೋನ್‌ನ ಅಳತೆ ಅಂದಾಜು ಮಾತ್ರ, ಆದರೂ ಮೊದಲು 76 ಡೆಸಿಬಲ್ ಹತ್ತಿರ ಇರುತ್ತಿದ್ದದ್ದು ಈಗ 68. ಪಕ್ಕದ ಮನೆಯವರು ಮತ್ತೆ ಬಾಗಿಲು ತಟ್ಟಿಲ್ಲ. ನಮ್ಮ ದೇಶದ ಶಬ್ದ ಮಾಲಿನ್ಯ ನಿಯಮಗಳು, 2000, ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರ ನಂತರ 45 ಡೆಸಿಬಲ್ ಅನ್ನುತ್ತವೆ. ಗೋಡೆಯಾಚೆಗೆ ನಮ್ಮ ಸದ್ದು ಹೋಗದಿರಲಿ ಅನ್ನೋಕೆ ಅದೊಂದು ಒಳ್ಳೆಯ ಅಳತೆಗೋಲು.

ಆದರೆ ಇಷ್ಟಕ್ಕೇ ಕೆಲಸ ಮುಗೀತು ಅಂದರೆ ನಿಮಗೆ ಅರ್ಧ ಸತ್ಯ ಹೇಳಿದ ಹಾಗಾಗುತ್ತೆ. ಸ್ಪೀಕರ್ ಟಿವಿಯ ಮಾತನ್ನು ತಿಳಿಯಾಗಿಸಬಲ್ಲದು, ಅಡುಗೆಮನೆಯಿಂದ ಅಮ್ಮ ಕರೆದದ್ದನ್ನು ಅಲ್ಲ. ಮೊಮ್ಮಗಳು "ತಾತಾ, ಕಥೆ ಹೇಳು" ಅಂದಾಗ ಅಪ್ಪ ಸುಮ್ಮನೆ "ಹೂಂ" ಅಂದು ನಕ್ಕುಬಿಡ್ತಿದ್ದರು, ಅವಳು ಏನು ಕೇಳಿದಳು ಅಂತ ಗೊತ್ತಾಗದೆ. ಅದಕ್ಕೆ ಆಂಪ್ಲಿಫೈಯರ್ ಉತ್ತರ ಅಲ್ಲ. ಹಾಗಾಗಿ ಮೈಸೂರಿಗೆ, ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆ. "ನಾನೇನು ಕಿವುಡನಾ?" ಅಂತ ದಾರಿಯುದ್ದಕ್ಕೂ ಗೊಣಗಿದರು. ಶಬ್ದ ಬರದಂಥ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಒಂದೊಂದೇ ಕಂಪನಾಂಕದ ಸದ್ದು ಕೇಳಿಸಿ ಪರೀಕ್ಷೆ ಮಾಡ್ತಾರೆ. ನೋವಿಲ್ಲ, ಸೂಜಿ ಇಲ್ಲ. ಕೈಗೆ ಬಂದ ಗ್ರಾಫ್‌ನಲ್ಲಿ ಗೆರೆ 4,000 ಹರ್ಟ್ಸ್ ಹತ್ತಿರ ಹಳ್ಳಕ್ಕೆ ಇಳಿದಂತಿತ್ತು. ಅಪ್ಪ ಆ ಗ್ರಾಫನ್ನು ಬಹಳ ಹೊತ್ತು ನೋಡಿದರು. "ಇದು ಮಗ್ಗದ್ದು" ಅಂದರು, ಅಷ್ಟೇ. ಈಗ ಶ್ರವಣ ಸಾಧನದ ಅಭ್ಯಾಸ ನಡೀತಿದೆ. ಮೊದಲ ವಾರ ಪಾತ್ರೆ ಸದ್ದಿಗೆಲ್ಲ ಬೆಚ್ಚುತ್ತಿದ್ದರು, ಈಗ ಹೊಂದಿಕೊಳ್ಳುತ್ತಿದ್ದಾರೆ. ಮೊಮ್ಮಗಳಿಗೆ ಕಥೆ ಶುರುವಾಗಿದೆ.

ನಮ್ಮ ಕಿವಿಯ ವಿಷಯ

ಅಪ್ಪನ ಪಾಲಿಗೆ ಮಗ್ಗ ಇತ್ತು, ಹೊಟ್ಟೆಪಾಡು. ನಮಗೆ ಆ ಬಲವಂತ ಇಲ್ಲ, ಆದರೂ ಮೆಟ್ರೋದಲ್ಲಿ, ಆಫೀಸಿನ ಕಾಲ್‌ನಲ್ಲಿ, ಜಿಮ್‌ನಲ್ಲಿ ದಿನವಿಡೀ ಇಯರ್‌ಬಡ್ ಕಿವಿಯಲ್ಲೇ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬಲ್. ಸದ್ದು 3 ಡೆಸಿಬಲ್ ಏರಿದರೆ ಸಮಯ ಅರ್ಧಕ್ಕೆ ಇಳಿಯಬೇಕು. 90 ಡೆಸಿಬಲ್‌ಗೆ ಬಂದರೆ ವಾರಕ್ಕೆ ನಾಲ್ಕು ಗಂಟೆ ಮಾತ್ರ. ಹೆಚ್ಚಿನ ಫೋನ್‌ಗಳಲ್ಲಿ ವಾಲ್ಯೂಮ್ ಮಿತಿ ಇಡುವ ಸೌಲಭ್ಯ ಇದೆ, ಇವತ್ತೇ ಹಾಕಿಕೊಳ್ಳಿ. ಒಳಗಿವಿಯ ಕೂದಲುಕೋಶ ಒಮ್ಮೆ ಸತ್ತರೆ ಮತ್ತೆ ಹುಟ್ಟಲ್ಲ.

ಖರ್ಚಿನ ಕ್ರಮ ಮತ್ತೊಮ್ಮೆ: ಮೊದಲು ಹಾಲ್, ಆಮೇಲೆ ಸ್ಪೀಕರ್ ಇಡುವ ಜಾಗ, ಆಮೇಲೆ ಸ್ಪೀಕರ್, ಅದಾದ ಮೇಲೆ ಆಂಪ್, ಉಳಿದರೆ ಉಳಿದದ್ದು. ಮನೆಯಲ್ಲಿ ಯಾರಾದರೂ "ಸದ್ದು ಬರುತ್ತೆ, ಮಾತು ಬರಲ್ಲ" ಅಂದರೆ ವಯಸ್ಸಿನ ಮೇಲೆ ಹಾಕಿ ಸುಮ್ಮನಾಗಬೇಡಿ. ಈ ಭಾನುವಾರ ಸೋಫಾ ಒಂದೂವರೆ ಅಡಿ ಎಳೆದು ನೋಡಿ, ಸೋಮವಾರ ಶ್ರವಣ ಪರೀಕ್ಷೆಗೆ ಹೆಸರು ಬರೆಸಿ. ಮೊದಲನೆಯದಕ್ಕೆ ಕಾಸಿಲ್ಲ, ಎರಡನೆಯದಕ್ಕೆ ನೀವು ಜೊತೆಗೆ ಹೋದರೆ ಸಾಕು, ಅವರೂ ಬರ್ತಾರೆ.